ಕೋವಿಯ ಸದ್ದೂ ಕುಕ್ಕರಿನ ಸೀಟಿಯೂ ಒಂದೇ ಸಮ ಕೇಳುವುದೇಕೆ?

ಪ್ರಶ್ನೆ: ನಮ್ಮದು ನಾಪೋಕ್ಲು ಸಮೀಪದ ಕಾಫಿ ತೋಟ. ತಂದೆಗೆ 67 ವರ್ಷ, ಸೈನ್ಯದಿಂದ ನಿವೃತ್ತರಾದವರು. ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಾ ಬಂದಿದ್ದರಿಂದ ಎರಡು ವರ್ಷಗಳ ಹಿಂದೆ ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದೆವು. ಎಡಗಿವಿಗೆ ಹಿಯರಿಂಗ್ ಏಡ್ ಇದೆ, ಅದರಲ್ಲಿ ಅಲ್ಪಸ್ವಲ್ಪ ಕೇಳುತ್ತದೆ. ಈಗ ಎದುರು ಕೂತು ಮಾತನಾಡಿದರೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಸದ್ದಿನ ಜೋರಿನ ಬಗ್ಗೆ ಅವರು ಹೇಳುವುದು ನಮಗೆ ವಿಚಿತ್ರವಾಗಿ ತೋರುತ್ತದೆ. ಕಳೆದ ಪುತ್ತರಿ ಸುಗ್ಗಿ ಹಬ್ಬದಲ್ಲಿ ಗದ್ದೆಯಲ್ಲಿ ಕದಿರು ತೆಗೆಯುವಾಗ ಹತ್ತಿರದಲ್ಲೇ ಹಾರಿಸಿದ ಕೋವಿ ಅಡುಗೆಮನೆಯ ಕುಕ್ಕರ್ ಸೀಟಿಯಷ್ಟೇ ಕೇಳಿಸಿತಂತೆ. ಅದರ ಬೆನ್ನಿಗೆ ಎಲ್ಲರೂ ಕೂಗಿದ ‘ಪೊಲಿ ಪೊಲಿ ದೇವಾ’ ಮೊದಲಿಗೆ ಕೇಳಲೇ ಇಲ್ಲವಂತೆ. ಇಂಥವರು ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ ಸುರಿದರೆ ತಡೆಯಲಾರದೆ ಯಂತ್ರವನ್ನೇ ತೆಗೆದಿಡುತ್ತಾರೆ. ಜಗಲಿಯ ಆ ಕೊನೆಯಿಂದ ನನ್ನ ಹೆಂಡತಿ ಮೆಲ್ಲಗೆ ಕರೆದರೆ ಕೇಳುವುದಿಲ್ಲ, ವಾಲ್ಯೂಮ್ ಏರಿಸಿದರೂ ಕೇಳುವುದಿಲ್ಲ. ನಮಗೆ ಕೇಳುವಷ್ಟೇ ಜೋರಾಗಿ ಅವರಿಗೂ ಕೇಳುತ್ತದೆಯೇ? ಯಂತ್ರ ಕೆಟ್ಟಿದೆಯೇ? ಮುಂದಿನ ಪುತ್ತರಿಗೆ ಕೋವಿ ಹಾರಿಸುವ ಹೊತ್ತಿಗೆ ಅದನ್ನು ತೆಗೆದಿಡಬೇಕೇ?

ಉತ್ತರ: ಕೋವಿಯ ಸಂಗತಿಯೂ ಮಳೆಯ ಸಂಗತಿಯೂ ಯಂತ್ರ ಕೆಟ್ಟಿರುವುದರ ಲಕ್ಷಣಗಳಲ್ಲ. ಅದನ್ನು ಹೇಗೆ ಕೆಲಸ ಮಾಡಲೆಂದು ರೂಪಿಸಿದ್ದಾರೋ ಹಾಗೆಯೇ ಮಾಡುತ್ತಿರುವುದರಿಂದ ಬಂದ ಅನುಭವಗಳು ಅವು. ಜಗಲಿಯ ಕೊನೆಯ ಕರೆ ಕೇಳದಿರುವುದು ಮಾತ್ರ ಬೇರೆ ಬಗೆಯ ದೂರು; ಅದಕ್ಕೆ ಪರಿಹಾರ ಹುಡುಕಲೇಬೇಕು, ಮತ್ತು ಆ ಪರಿಹಾರ ವಾಲ್ಯೂಮ್ ಏರಿಸುವುದರಲ್ಲಿಲ್ಲ.

ಇಂಪ್ಲಾಂಟ್ ಹಾಕಿಸಿಕೊಂಡವರ ಮನೆಯವರು ಅದನ್ನು ಹಿಯರಿಂಗ್ ಏಡಿನ ದೊಡ್ಡಣ್ಣನೆಂದು ಭಾವಿಸುವುದು ಸಾಮಾನ್ಯ. ಹಿಯರಿಂಗ್ ಏಡ್ ಸದ್ದನ್ನು ದೊಡ್ಡದು ಮಾಡಿ ಕಿವಿಯೊಳಕ್ಕೆ ಬಿಡುತ್ತದೆ. ಇಂಪ್ಲಾಂಟ್ ಆ ಕೆಲಸವನ್ನೇ ಮಾಡುವುದಿಲ್ಲ. ಕಿವಿಯ ಹಿಂದಿನ ಪ್ರೊಸೆಸರ್ ಸದ್ದನ್ನು ಅಳೆಯುತ್ತದೆ, ಆ ಅಳತೆಯನ್ನು ವಿದ್ಯುತ್ತಿನ ಸಣ್ಣ ಸಣ್ಣ ಮಿಡಿತಗಳಾಗಿ ಬದಲಿಸಿ, ಒಳಕಿವಿಯಲ್ಲಿ ಕೂರಿಸಿದ ಎಲೆಕ್ಟ್ರೋಡ್‌ಗಳ ಮೂಲಕ ಶ್ರವಣ ನರಕ್ಕೆ ನೇರವಾಗಿ ಮುಟ್ಟಿಸುತ್ತದೆ. ಆದ್ದರಿಂದ ನಿಮ್ಮ ತಂದೆಯವರಿಗೆ ಯಾವುದು ಜೋರು, ಯಾವುದು ಮೆಲು ಎಂಬುದು ಹೊರಗಿನ ಸದ್ದಿನ ಗಾತ್ರವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಮ್ಯಾಪಿಂಗ್ ಮಾಡುವ, ಅಂದರೆ ಯಂತ್ರವನ್ನು ಅವರಿಗೆ ತಕ್ಕಂತೆ ಹೊಂದಿಸುವ ದಿನ ಅವರೂ ಆಡಿಯಾಲಜಿಸ್ಟರೂ (ಶ್ರವಣ ತಜ್ಞರೂ) ಎದುರುಬದುರು ಕೂತು ಎಳೆದ ಎರಡು ಗೆರೆಗಳ ನಡುವೆ ಆ ಸದ್ದು ಎಲ್ಲಿ ಬಂದು ಬೀಳುತ್ತದೆ ಎಂಬುದರಿಂದ ತೀರ್ಮಾನವಾಗುತ್ತದೆ.

ಸಹಜ ಕಿವಿ ಗುರುತಿಸಬಲ್ಲ ಅತಿ ಮೆಲ್ಲನೆಯ ಸದ್ದಿಗೂ ನೋವು ತರುವ ಸದ್ದಿಗೂ ನಡುವೆ ಸುಮಾರು 120 ಡೆಸಿಬೆಲ್ ಅಂತರವಿದೆ. ಡೆಸಿಬೆಲ್ಲಿನದು ಗುಣಾಕಾರದ ಲೆಕ್ಕವಾದ್ದರಿಂದ, ಶಕ್ತಿಯ ದೃಷ್ಟಿಯಲ್ಲಿ ಇದು ಒಂದಕ್ಕೆ ಒಂದು ಲಕ್ಷ ಕೋಟಿ ಪಟ್ಟು. ಬಟಾಣಿ ಕಾಳಿನಷ್ಟು ದೊಡ್ಡದಿರುವ, ಶಂಖದಂತೆ ಸುತ್ತಿಕೊಂಡ ಒಳಕಿವಿಯ ಕಾಕ್ಲಿಯ ಇಷ್ಟು ದೊಡ್ಡ ಹರಹನ್ನು ನಿಭಾಯಿಸುತ್ತದೆ. ಅದರ ಹೊರಸಾಲಿನಲ್ಲಿರುವ ಸುಮಾರು 12,000 ರೋಮಕೋಶಗಳು ಮೆಲ್ಲನೆಯ ಸದ್ದನ್ನು ಎತ್ತಿ ಕೊಡುತ್ತವೆ, ಜೋರು ಸದ್ದಿಗೆ ಕೈಹಾಕದೆ ಬಿಡುತ್ತವೆ. ಒಳಸಾಲಿನ ಸುಮಾರು 3,500 ಕೋಶಗಳು ಅದನ್ನು ಹತ್ತಿರ ಹತ್ತಿರ 30,000 ನರತಂತುಗಳಿಗೆ ದಾಟಿಸುತ್ತವೆ. ಆ ತಂತುಗಳ ಸ್ವಭಾವವೂ ಒಂದೇ ಅಲ್ಲ: ಕೆಲವು ಪಿಸುಮಾತಿಗೇ ಎಚ್ಚೆತ್ತುಕೊಳ್ಳುತ್ತವೆ, ಕೆಲವು ಗದ್ದಲವೇಳುವ ತನಕ ಅಲ್ಲಾಡುವುದಿಲ್ಲ. ತೋಟದಲ್ಲಿ ಕೆಲಸ ಹೆಚ್ಚಿದಂತೆ ಆಳುಗಳನ್ನು ಇಬ್ಬರು, ನಾಲ್ವರು, ಹತ್ತು ಮಂದಿ ಎಂದು ಕರೆಸಿಕೊಳ್ಳುವ ಹಾಗೆ, ಸದ್ದು ಏರಿದಂತೆ ತಂತುಗಳು ಸರದಿಯಲ್ಲಿ ಕೆಲಸಕ್ಕೆ ಇಳಿಯುತ್ತವೆ. ರೋಮಕೋಶಗಳು ಅಳಿದ ಕಿವಿಯಲ್ಲಿ ಈ ಏರ್ಪಾಡು ಇಲ್ಲ. ಇಂಪ್ಲಾಂಟಿನ ವಿದ್ಯುತ್ತು ತೋಟದ ಬೆಳಗಿನ ಗಂಟೆಯಂತೆ. ಬಾರಿಸಿದರೆ ಲೈನ್‌ಮನೆಯವರೆಲ್ಲ ಒಟ್ಟಿಗೆ ಎದ್ದು ಬರುತ್ತಾರೆ.

ಪರಿಣಾಮವಾಗಿ, ಒಂದು ಎಲೆಕ್ಟ್ರೋಡಿನಲ್ಲಿ ‘ಏನೋ ಕೇಳಿಸಿತು’ ಎನ್ನುವ ಕರೆಂಟಿಗೂ ‘ಇಷ್ಟು ಸಾಕು’ ಎನ್ನುವ ಕರೆಂಟಿಗೂ ನಡುವಿನ ಅಂತರ ಹೆಚ್ಚಿನವರಲ್ಲಿ 10ರಿಂದ 20 ಡೆಸಿಬೆಲ್ ಮಾತ್ರ, ಕೆಲವರಲ್ಲಿ ಅದಕ್ಕೂ ಕಡಿಮೆ. ಅಂದರೆ ಕರೆಂಟನ್ನು ಮೂರು ಪಟ್ಟಿನಿಂದ ಹತ್ತು ಪಟ್ಟು ಏರಿಸುವಷ್ಟರಲ್ಲಿ ಮೆಲುವಿನಿಂದ ಜೋರಿನವರೆಗಿನ ಲೋಕವೆಲ್ಲ ಮುಗಿದುಹೋಗುತ್ತದೆ. ಸಹಜ ಕಿವಿಯಲ್ಲಿ ಸದ್ದು 10 ಡೆಸಿಬೆಲ್ ಏರಿದರೆ ಸುಮಾರು ಎರಡು ಪಟ್ಟು ಜೋರಾದಂತೆ ತೋರುತ್ತದೆ; ವಿದ್ಯುತ್ತಿನಲ್ಲಿ ಅದೇ 10 ಡೆಸಿಬೆಲ್ ಅನೇಕರಿಗೆ ನಿಶ್ಶಬ್ದದಿಂದ ಕಿವಿ ತುಂಬುವವರೆಗಿನ ಇಡೀ ದಾರಿ. ಆ ದಾರಿಯ ಏರೂ ಸಮವಾಗಿಲ್ಲ. ಕೆಳಭಾಗದಲ್ಲಿ ಕರೆಂಟ್ ಏರಿಸುತ್ತಾ ಹೋದರೂ ಜೋರು ನಿಧಾನವಾಗಿ ಬೆಳೆಯುತ್ತದೆ, ಮೇಲಕ್ಕೆ ಬಂದಂತೆ ಒಂದೊಂದು ಸಣ್ಣ ಹೆಜ್ಜೆಗೂ ನೆಗೆಯುತ್ತದೆ. ಮಡಿಕೇರಿಗೆ ಸಂಪಾಜೆಯಿಂದ ಹತ್ತಿ ಬರುವ ರಸ್ತೆಯನ್ನು ನೆನೆದುಕೊಂಡರೆ ಇದು ಅರ್ಥವಾದೀತು. ಸಹಜ ಕಿವಿ ಜೋರಿನಲ್ಲಿ ನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬೇರೆ ಬೇರೆ ಎಂದು ಗುರುತಿಸಬಲ್ಲದು. ಇಂಪ್ಲಾಂಟಿನವರಲ್ಲಿ ಸಾಮಾನ್ಯವಾಗಿ ಸುಮಾರು 20 ಮೆಟ್ಟಿಲು, ಕೆಲವರಲ್ಲಿ ಏಳೆಂಟು, ಅದೃಷ್ಟವಂತರಲ್ಲಿ ನಲವತ್ತು. ಕೋವಿಯೂ ಕುಕ್ಕರೂ ಒಂದೇ ಮೆಟ್ಟಿಲಿನ ಮೇಲೆ ಬಂದು ನಿಂತದ್ದು ಇಂಥ ಮನೆಯಲ್ಲಿ.

ಇಲ್ಲಿ ಹಳೆಯ ಸಂಗತಿಯೊಂದನ್ನು ಹೇಳಬಹುದು. ಅಮೆರಿಕದ ಡಾ. ವಿಲಿಯಂ ಹೌಸ್ ಅವರು ರೂಪಿಸಿದ, 1984ರಲ್ಲಿ ಆ ದೇಶದ ಅನುಮತಿ ಪಡೆದ ಮೊದಲ ಇಂಪ್ಲಾಂಟಿನಲ್ಲಿ ಇದ್ದದ್ದು ಒಂದೇ ಎಲೆಕ್ಟ್ರೋಡ್. ಸದ್ದಿನ ಏರಿಳಿತ ಮತ್ತು ಲಯವನ್ನು ಬಿಟ್ಟು ಹೆಚ್ಚೇನನ್ನೂ ಅದು ತಿಳಿಸುತ್ತಿರಲಿಲ್ಲ. ಅಷ್ಟರಿಂದಲೇ ತುಟಿ ನೋಡಿ ಮಾತು ಗ್ರಹಿಸುವುದು ಎಷ್ಟೋ ಜನರಿಗೆ ಸುಲಭವಾಯಿತು. ಈಗ ಆಸ್ಟ್ರೇಲಿಯದ ಕಾಕ್ಲಿಯರ್ ಕಂಪನಿಯ ಇಂಪ್ಲಾಂಟಿನಲ್ಲಿ 22, ಅಮೆರಿಕದ ಅಡ್ವಾನ್ಸ್ಡ್ ಬಯೋನಿಕ್ಸ್‌ನದರಲ್ಲಿ 16, ಆಸ್ಟ್ರಿಯದ ಮೆಡ್‌ಎಲ್‌ನದರಲ್ಲಿ 12 ಎಲೆಕ್ಟ್ರೋಡ್ ತಾಣಗಳಿವೆ. ತಾಣಗಳು ಹೆಚ್ಚಿದರೂ ಒಂದೊಂದರ ಇಕ್ಕಟ್ಟು ಹಾಗೆಯೇ ಉಳಿದಿದೆ.

ಈಗ ಆ ಎರಡು ಗೆರೆಗಳ ಮಾತಿಗೆ ಬರೋಣ. ಕೆಳಗಿನ ಗೆರೆಯನ್ನು ಟಿ ಲೆವೆಲ್ ಎನ್ನುತ್ತೇವೆ: ಅಷ್ಟು ಕರೆಂಟ್ ಕೊಟ್ಟರೆ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಕೇಳುತ್ತದೆ. ಮೇಲಿನದು ಸಿ ಲೆವೆಲ್, ಕೆಲವು ಕಂಪನಿಗಳ ಭಾಷೆಯಲ್ಲಿ ಎಂ ಲೆವೆಲ್: ಜೋರಾಗಿದೆ, ಆದರೂ ಹಿತವಾಗಿದೆ ಎನ್ನುವ ಮಟ್ಟ. ಮ್ಯಾಪಿಂಗ್ ಕೋಣೆಯಲ್ಲಿ ನಡೆಯುವುದು ಇದೇ. ಮೇಜಿನ ಮೇಲೆ ಒಂದು ಪಟ್ಟಿ ಇಟ್ಟಿರುತ್ತೇವೆ: ಏನೂ ಇಲ್ಲ, ತೀರಾ ಮೆಲು, ಮೆಲು, ಹಿತ, ಜೋರು ಆದರೂ ಹಿತ, ಅತಿಯಾಯಿತು. ಒಂದು ಎಲೆಕ್ಟ್ರೋಡಿನಲ್ಲಿ ಬೀಪ್ ಬೀಪ್ ಎಂದು ಮಿಡಿತಗಳನ್ನು ಕಳಿಸುತ್ತಾ ಎರಡೆರಡು ಹೆಜ್ಜೆ ಏರಿಸುತ್ತೇವೆ, ಎದುರಿಗಿರುವವರು ಬೆರಳನ್ನು ಪಟ್ಟಿಯ ಮೇಲೆ ಸರಿಸುತ್ತಾ ಹೋಗುತ್ತಾರೆ. ಆಮೇಲೆ ಪಕ್ಕದ ಎಲೆಕ್ಟ್ರೋಡ್, ಆಮೇಲೆ ಅದರ ಪಕ್ಕದ್ದು. ಕೊನೆಗೆ ಅಕ್ಕಪಕ್ಕದವನ್ನು ಜೊತೆಮಾಡಿ ಕೇಳಿಸಿ, ಎರಡೂ ಒಂದೇ ಜೋರೇ ಎಂದು ಕೇಳುತ್ತೇವೆ. ಈ ಹೊಂದಿಕೆಯನ್ನು ಅವಸರದಲ್ಲಿ ಮುಗಿಸಿದರೆ ‘ಸ’ ಕಾರ ಚುಚ್ಚುತ್ತದೆ, ಇಲ್ಲವೇ ಗಂಡಸರ ದನಿಯೆಲ್ಲ ಗುಂಯ್ ಎನ್ನುತ್ತದೆ. ಕೆಳಗಿನ ಗೆರೆಯನ್ನು ಅಳೆಯದೆ ಮೇಲಿನದರ ಹತ್ತನೇ ಒಂದು ಭಾಗವೆಂದು ಹಿಡಿಯುವ ರೂಢಿಯೂ ಕೆಲವು ಯಂತ್ರಗಳಲ್ಲಿದೆ. ದೊಡ್ಡವರಲ್ಲಿ, ಅದರಲ್ಲೂ ಮೆಲ್ಲನೆಯ ಮಾತಿನ ಬಗ್ಗೆ ದೂರಿರುವವರಲ್ಲಿ, ಅಳೆದು ನೋಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಈ ಕೆಲಸಕ್ಕೆ ಬಂದ ಹೊಸದರಲ್ಲಿ ಶಾಲಾ ಶಿಕ್ಷಕಿಯೊಬ್ಬರಿಗೆ ಒಂದೊಂದು ಎಲೆಕ್ಟ್ರೋಡನ್ನೂ ಬಹಳ ಕಾಳಜಿಯಿಂದ ಹಿತದ ಮಟ್ಟಕ್ಕೆ ತಂದಿದ್ದೆ. ಎಲ್ಲ ಮುಗಿಯಿತೆಂದು ಮೈಕ್ ಚಾಲೂ ಮಾಡಿ ‘ಈಗ ಹೇಗಿದೆ ಮೇಡಂ?’ ಎಂದೆ. ಅವರು ಕುರ್ಚಿಯಿಂದ ಅರ್ಧ ಎದ್ದು ಪ್ರೊಸೆಸರಿನ ಸಂಕೇತವನ್ನು ಒಳಕ್ಕೆ ದಾಟಿಸುವ, ತಲೆಯ ಮೇಲಿನ ಕಾಯಿಲನ್ನು ಕಿತ್ತು ಮೇಜಿನ ಮೇಲಿಟ್ಟರು. ಒಂದೊಂದಾಗಿ ಹಿತವಾಗಿದ್ದವು ಒಟ್ಟಿಗೆ ಸೇರಿದಾಗ ಹಿತವಾಗಿರಲಿಲ್ಲ. ಹಲವು ಎಲೆಕ್ಟ್ರೋಡ್‌ಗಳು ಒಂದರ ಹಿಂದೊಂದು ವೇಗವಾಗಿ ಮಿಡಿದಾಗ ಮಿದುಳು ಅವುಗಳ ಜೋರನ್ನು ಕೂಡಿಸಿಕೊಳ್ಳುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಆ ದಿನ ಕಣ್ಣಾರೆ ಕಂಡೆ. ಅಂದಿನಿಂದ ಮೇಲಿನ ಗೆರೆಗಳನ್ನೆಲ್ಲ ಒಟ್ಟಾಗಿ ಕೆಳಗಿಳಿಸಿ, ಮೈಕ್ ಚಾಲೂ ಮಾಡಿ, ಮಾತನಾಡುತ್ತಲೇ ಮೆಲ್ಲಗೆ ಏರಿಸುತ್ತೇನೆ. ಈ ಘಟನೆಯನ್ನು ಹೇಳಿದ್ದು ನಿಮ್ಮ ಮಳೆಯ ಪ್ರಶ್ನೆಗೆ ಉತ್ತರ ಇದರಲ್ಲೇ ಇರುವುದರಿಂದ.

ಅದಕ್ಕೂ ಮೊದಲು ಕೋವಿ. ಪ್ರೊಸೆಸರ್ ಹೊರಗಿನ ಸದ್ದುಗಳಲ್ಲಿ ಒಂದು ಪಾಲನ್ನು ಮಾತ್ರ ಆ ಎರಡು ಗೆರೆಗಳ ನಡುವೆ ಒತ್ತಿ ಕೂರಿಸುತ್ತದೆ. ಕಾಕ್ಲಿಯರ್ ಕಂಪನಿಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಈ ಪಾಲು 25ರಿಂದ 65 ಡೆಸಿಬೆಲ್ ವರೆಗಿನ 40 ಡೆಸಿಬೆಲ್. ಅಡ್ವಾನ್ಸ್ಡ್ ಬಯೋನಿಕ್ಸ್‌ನಲ್ಲಿ 60, ಮೆಡ್‌ಎಲ್‌ನಲ್ಲಿ 75ರ ತನಕ ಇಡುವುದುಂಟು. ಎದುರು ಕೂತವರ ಸಾಮಾನ್ಯ ಮಾತು 60ರಿಂದ 65 ಡೆಸಿಬೆಲ್ ಇರುತ್ತದೆ. ಮಾತಿಗೆ ಹೆಚ್ಚು ಜಾಗ ಸಿಗಲೆಂದೇ ಮೇಲಿನ ತುದಿಯನ್ನು ಅಲ್ಲಿ ಇಟ್ಟಿದ್ದಾರೆ. ಅದಕ್ಕಿಂತ ಜೋರಾದದ್ದು ಏನೇ ಬರಲಿ, ತಟ್ಟೆ ಬಿದ್ದರೂ ಕುಕ್ಕರ್ ಕೂಗಿದರೂ ಜೀಪಿನ ಹಾರ್ನ್ ಆದರೂ, ಎಲೆಕ್ಟ್ರೋಡಿಗೆ ಹೋಗುವ ಕರೆಂಟ್ ಸಿ ಲೆವೆಲ್ಲನ್ನು ದಾಟುವುದಿಲ್ಲ. ಹತ್ತಿರದಲ್ಲಿ ಹಾರಿದ ಕೋವಿಯ ಸದ್ದು 140 ಡೆಸಿಬೆಲ್ಲನ್ನೂ ಮೀರಬಹುದು. ನಿಮ್ಮ ತಂದೆಯವರ ನರ ಕಂಡದ್ದು ಮಾತ್ರ ಅವರೇ ಹಿಂದೊಮ್ಮೆ ‘ಹಿತ’ ಎಂದು ಬೆರಳಿಟ್ಟು ತೋರಿಸಿದ ಕರೆಂಟನ್ನು. ಸಾಲದ್ದಕ್ಕೆ ಕೋವಿಯ ಸದ್ದು ಕ್ಷಣಮಾತ್ರದ್ದು. ಒಂದು ಸದ್ದು ಸೆಕೆಂಡಿನ ಐದನೇ ಒಂದು ಭಾಗದಷ್ಟಾದರೂ ಉಳಿಯದಿದ್ದರೆ ಅದರ ಪೂರ್ಣ ಜೋರು ಯಾರ ಮನಸ್ಸಿಗೂ ಮುಟ್ಟುವುದಿಲ್ಲ. ಕುಕ್ಕರ್ ಸೀಟಿ ಹಾಗಲ್ಲ, ನಾಲ್ಕೈದು ಸೆಕೆಂಡು ಎಳೆಯುತ್ತದೆ. ಈ ಲೆಕ್ಕದಲ್ಲಿ ನಿಮ್ಮ ತಂದೆಯವರು ಎರಡನ್ನೂ ಸಮ ಎಂದದ್ದರಲ್ಲಿ ಅತಿಶಯವೇನೂ ಇಲ್ಲ. ಕೋವಿಯೇ ಮೆಲ್ಲಗಿತ್ತು ಎಂದಿದ್ದರೂ ನಾನು ನಂಬುತ್ತಿದ್ದೆ.

‘ಪೊಲಿ ಪೊಲಿ ದೇವಾ’ ಕೇಳದೆ ಹೋದದ್ದಕ್ಕೆ ಕಾರಣ ಪ್ರೊಸೆಸರಿನ ಇನ್ನೊಂದು ಭಾಗ. ಅದನ್ನು ಆಟೊಮ್ಯಾಟಿಕ್ ಗೇನ್ ಕಂಟ್ರೋಲ್ ಎನ್ನುತ್ತಾರೆ. ಮೈಕಿನ ಹಿಂದೆ ಕೂತ ಕಾವಲುಗಾರನೆಂದು ತಿಳಿಯಿರಿ. ದೊಡ್ಡ ಸದ್ದು ಬಂದೊಡನೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಮೈಕಿನ ಶಕ್ತಿಯನ್ನು ತಗ್ಗಿಸಿಬಿಡುತ್ತಾನೆ. ಮತ್ತೆ ಮೊದಲಿನ ಮಟ್ಟಕ್ಕೆ ಏರಿಸಲು ಮಾತ್ರ ಅಷ್ಟು ಆತುರ ತೋರಿಸುವುದಿಲ್ಲ, ಏಕೆಂದರೆ ಬೇಗ ಬೇಗ ಏರಿಳಿಸಿದರೆ ಮಾತು ಕುಲುಕಿದಂತೆ ಕೇಳುತ್ತದೆ. ಯಂತ್ರವನ್ನೂ ಸದ್ದನ್ನೂ ಅವಲಂಬಿಸಿ ಈ ಚೇತರಿಕೆಗೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಹಿಡಿಯಬಹುದು, ಒಂದು ಸೆಕೆಂಡಿಗೂ ಹೆಚ್ಚು ಹಿಡಿಯಬಹುದು. ಒಂದರ ಹಿಂದೊಂದು ನಾಲ್ಕಾರು ಕೋವಿಗಳು ಹಾರಿದರೆ ಕಾವಲುಗಾರನ ಕೈ ಕೆಳಗೇ ಇರುತ್ತದೆ. ಗದ್ದೆಯಲ್ಲಿ ಆ ಹೊತ್ತಿಗೆ ಎದ್ದ ಕೂಗಿನ ಮೊದಲ ಪದಗಳು ತಗ್ಗಿದ ಮೈಕಿನ ಪಾಲಾಗಿವೆ.

ಇನ್ನು ಮಳೆ. ಕೋವಿಗಿಂತ ಎಷ್ಟೋ ಪಟ್ಟು ಚಿಕ್ಕದಾದ ಈ ಸದ್ದು ಇಂಪ್ಲಾಂಟಿನವರಿಗೆ ಹೆಚ್ಚು ಕಷ್ಟ ಕೊಡುತ್ತದೆ. ಶೀಟಿನ ಮೇಲೆ ಬೀಳುವ ಜಡಿಮಳೆಯಲ್ಲಿ ಮಂದ್ರದಿಂದ ತಾರದವರೆಗೆ ಎಲ್ಲ ಸ್ಥಾಯಿಗಳೂ ಒಟ್ಟಿಗೆ ಇರುತ್ತವೆ. ಹಾಗಾಗಿ ಕಾಕ್ಲಿಯದ ಈ ತುದಿಯಿಂದ ಆ ತುದಿಯವರೆಗಿನ ಎಲೆಕ್ಟ್ರೋಡ್‌ಗಳಿಗೆಲ್ಲ ಪುರುಸೊತ್ತಿಲ್ಲದ ಕೆಲಸ, ಎಲ್ಲವೂ ಮೇಲಿನ ಗೆರೆಯ ಹತ್ತಿರವೇ. ಶಿಕ್ಷಕಿಯವರು ಕಾಯಿಲ್ ಕಿತ್ತಿಟ್ಟ ದಿನ ಆದದ್ದು ಇದೇ; ಆದರೆ ಅದು ಅರ್ಧ ಕ್ಷಣದ್ದು, ಕೊಡಗಿನ ಮಳೆ ಜೂನ್‌ನಿಂದ ಸೆಪ್ಟೆಂಬರ್ ತನಕದ್ದು. ಮಾತಿನಲ್ಲಿ ಪದಪದಕ್ಕೂ ಬಿಡುವಿರುತ್ತದೆ, ಮಳೆಯಲ್ಲಿ ಬಿಡುವಿಲ್ಲ. ಮೇಲಾಗಿ ಮಳೆಗೆಂದು ಕಾವಲುಗಾರ ಮೈಕನ್ನು ತಗ್ಗಿಸಿದಾಗ ಮನೆಯವರ ಮಾತೂ ಅದರೊಡನೆ ತಗ್ಗುತ್ತದೆ. ಉಳಿದ ಇಪ್ಪತ್ತು ಮೆಟ್ಟಿಲುಗಳಲ್ಲಿ ಮಳೆ ಹದಿನೈದನ್ನು ಹಿಡಿದುಕೊಂಡರೆ ಮಾತಿಗೆ ಉಳಿಯುವುದೆಷ್ಟು? ನಿಮ್ಮ ತಂದೆಯವರು ಯಂತ್ರ ತೆಗೆದಿಡುವುದು ನನಗೆ ಅರ್ಥವಾಗುತ್ತದೆ, ಆದರೆ ಅದನ್ನು ಒಪ್ಪಲಾರೆ. ನಾಲ್ಕು ತಿಂಗಳು ದಿನಕ್ಕೆ ಆರೇಳು ಗಂಟೆ ತೆಗೆದಿಟ್ಟರೆ ಮಿದುಳಿಗೆ ಆದ ರೂಢಿ ಸಡಿಲವಾಗುತ್ತದೆ. ಅವರ ಪ್ರೊಸೆಸರಿನಲ್ಲಿ ಗದ್ದಲಕ್ಕೆಂದೇ ಬೇರೆ ಪ್ರೋಗ್ರಾಮ್ ಹಾಕಿಸಿಕೊಳ್ಳಬಹುದು. ಅದರಲ್ಲಿ ಮೈಕಿನ ಸಂವೇದನೆಯನ್ನು ತಗ್ಗಿಸಿ, ಗದ್ದಲ ಕಡಿಮೆ ಮಾಡುವ ಏರ್ಪಾಡನ್ನು ಚಾಲೂ ಇಟ್ಟಿರುತ್ತಾರೆ. ಮಾತನಾಡುವವರ ಅಂಗಿಗೆ ಸಿಕ್ಕಿಸುವ ಪುಟ್ಟ ವೈರ್‌ಲೆಸ್ ಮೈಕ್ ಇನ್ನೂ ಒಳ್ಳೆಯದು, ಬೆಲೆ ಮಾತ್ರ ಸ್ವಲ್ಪ ಭಾರ. ಇವೆರಡೂ ಸಿಗುವ ತನಕ, ಮಳೆಯ ಹೊತ್ತಿನಲ್ಲಿ ಅವರು ಕೂರುವ ಜಾಗವನ್ನು ಶೀಟಿನ ಕೆಳಗಿನಿಂದ ಹಂಚಿನ ಕೆಳಗೆ, ಮರದ ಮಚ್ಚಿರುವ ಒಳಕೋಣೆಗೆ ಬದಲಿಸಿ ನೋಡಿ. ಖರ್ಚಿಲ್ಲದ ಈ ಉಪಾಯವನ್ನು ಯಾರೂ ಮೊದಲು ಮಾಡುವುದಿಲ್ಲ.

ಜಗಲಿಯ ದೂರಿಗೆ ಬರುತ್ತೇನೆ. ವಾಲ್ಯೂಮ್ ಮತ್ತು ಸೆನ್ಸಿಟಿವಿಟಿ ಎಂಬ ಎರಡು ಹೊಂದಾಣಿಕೆಗಳ ವ್ಯತ್ಯಾಸವನ್ನು ಮನೆಯವರಿಗೆ ಯಾರೋ ಒಮ್ಮೆ ಹೇಳಿರುತ್ತಾರೆ, ಮನೆಯವರು ಮರೆತಿರುತ್ತಾರೆ. ಅನೇಕ ಯಂತ್ರಗಳಲ್ಲಿ ವಾಲ್ಯೂಮ್ ಬದಲಿಸುವುದು ಮೇಲಿನ ಗೆರೆಯನ್ನು. ಅದನ್ನು ಏರಿಸಿದರೆ ಈಗಾಗಲೇ ಜೋರಾಗಿ ಕೇಳುತ್ತಿದ್ದದ್ದು ಇನ್ನಷ್ಟು ಜೋರಾಗುತ್ತದೆಯೇ ಹೊರತು, ಕೆಳಗಿನ ತುದಿಯಲ್ಲಿ ಒಳಗೇ ಬಾರದೆ ಉಳಿದ ಸದ್ದು ಒಳಗೆ ಬರುವುದಿಲ್ಲ. ಎಷ್ಟು ಮೆಲ್ಲನೆಯ, ಎಷ್ಟು ದೂರದ ಸದ್ದು ಒಳಗೆ ಬರಬೇಕು ಎಂಬುದನ್ನು ತೀರ್ಮಾನಿಸುವುದು ಸೆನ್ಸಿಟಿವಿಟಿ. ನಿಮ್ಮ ಹೆಂಡತಿಯವರು ಒಂದು ಮೀಟರ್ ದೂರದಲ್ಲಿ 50 ಡೆಸಿಬೆಲ್ಲಿನಷ್ಟು ಮೆಲ್ಲಗೆ ಮಾತನಾಡಿದರೆಂದು ಇಟ್ಟುಕೊಳ್ಳಿ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಎಂಟು ಮೀಟರಿನಾಚೆ ಅದು ಸುಮಾರು 32. ಯಂತ್ರದ ಕೆಳತುದಿ 25 ಆಗಿದ್ದರೆ ಕರೆ ಅಂಚಿನಲ್ಲಿ ನುಸುಳಿ ಬಂದೀತು. ಮೈಕಿನ ಬಾಯಿ ಸ್ವಲ್ಪ ಕಟ್ಟಿಕೊಂಡಿದ್ದರೂ ಬಾರದು.

ಕೊಡಗಿನಲ್ಲಿ ಆ ಬಾಯಿ ಬಹಳ ಬೇಗ ಕಟ್ಟಿಕೊಳ್ಳುತ್ತದೆ. ಮೈಕಿನ ಮೇಲಿರುವ ಸಣ್ಣ ಜಾಲರಿಯ ಮುಚ್ಚಳದಲ್ಲಿ ತೇವ, ಬೆವರು, ತಲೆಗೆ ಹಚ್ಚಿದ ಎಣ್ಣೆ, ಕಾಫಿ ಕಣದ ಧೂಳು ಸೇರಿ ಒಂದು ಪದರ ಕೂರುತ್ತದೆ. ಸುಮಾರು ಮೂರು ತಿಂಗಳಿಗೊಮ್ಮೆ ಬದಲಿಸಿ ಎನ್ನುವುದು ಸಾಮಾನ್ಯ ಸಲಹೆ. ನಮ್ಮ ಮಳೆಗಾಲದಲ್ಲಿ ಅದಕ್ಕಿಂತ ಮೊದಲೇ ಬದಲಿಸುವುದು ಲೇಸು. ರಾತ್ರಿ ಪ್ರೊಸೆಸರನ್ನು ಸಿಲಿಕಾ ಕಾಳುಗಳಿರುವ ಒಣಡಬ್ಬಿಯಲ್ಲಿ ಇಡಬೇಕು. ವಿದ್ಯುತ್ ಡಬ್ಬಿ ಇದ್ದವರೂ ಸಿಲಿಕಾದ್ದೊಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು, ಕರೆಂಟ್ ಹೋಗಿ ಎರಡು ದಿನ ಬಾರದ ಊರು ನಮ್ಮದು. ‘ಮ್ಯಾಪ್ ಕೆಟ್ಟಿದೆ’ ಎಂದು ಮೈಸೂರಿಗೆ ಹೊರಡಲು ಸಿದ್ಧರಾದ ಎಷ್ಟೋ ಜನರಿಗೆ ನಾನು ಮಾಡಿಕೊಟ್ಟದ್ದು ಮೈಕಿನ ಮುಚ್ಚಳ ಬದಲಿಸುವ ಎರಡು ನಿಮಿಷದ ಕೆಲಸ. ಮೊದಲು ಅದನ್ನು ಮಾಡಿ, ಸೆನ್ಸಿಟಿವಿಟಿ ಎಲ್ಲಿದೆ ನೋಡಿ, ಅದೇ ಜಾಗದಿಂದ ಅದೇ ದನಿಯಲ್ಲಿ ಮತ್ತೆ ಕರೆಯಿರಿ.

ಆಗಲೂ ಕೇಳದಿದ್ದರೆ ಮ್ಯಾಪಿಂಗ್ ಮಾಡಿದವರನ್ನು ಕಾಣಬೇಕು. ಯಂತ್ರ ಹಾಕಿಸಿ, ಹೊರಗಿನ ಸದ್ದು ಬಾರದ ಕೋಣೆಯಲ್ಲಿ ಕೂರಿಸಿ ಪರೀಕ್ಷಿಸಿದಾಗ 20ರಿಂದ 30 ಡೆಸಿಬೆಲ್ ಆಸುಪಾಸಿನ ಸದ್ದುಗಳು ಕೇಳಬೇಕು. 40 ದಾಟಿದ ಮೇಲಷ್ಟೇ ಕೇಳುತ್ತಿದ್ದರೆ ಟಿ ಲೆವೆಲ್‌ಗಳು ಇರಬೇಕಾದ್ದಕ್ಕಿಂತ ಕೆಳಗಿವೆ ಎಂದು ಅನುಮಾನಿಸಬಹುದು. ಅವನ್ನು ಅತಿಯಾಗಿ ಏರಿಸುವುದೂ ತಪ್ಪು. ಯಾರೂ ಮಾತನಾಡದಾಗಲೂ ಜೀರುಂಡೆಯಂತೆ ಏನೋ ಗುನುಗುತ್ತಲೇ ಇರುತ್ತದೆ ಎಂದು ಜನ ದೂರುವುದು ಅದರಿಂದ. ಇನ್ನೊಂದು ಸಾಧ್ಯತೆಯೂ ಇದೆ: ಎಲೆಕ್ಟ್ರೋಡಿನ ಸುತ್ತಲಿನ ಅಂಗಾಂಶದ ತಡೆ ಹೆಚ್ಚಿದರೆ, ಕಂಪ್ಯೂಟರಿನಲ್ಲಿ ಸಿ ಲೆವೆಲ್ ಎಷ್ಟು ಏರಿಸಿದರೂ ಯಂತ್ರದ ವೋಲ್ಟೇಜ್ ಅಷ್ಟು ಕರೆಂಟನ್ನು ತಳ್ಳಲಾರದು. ಆಗ ಮಿಡಿತದ ಅಗಲವನ್ನು, ಅಂದರೆ ಅದು ಉಳಿಯುವ ಹೊತ್ತನ್ನು, ಹೆಚ್ಚಿಸುತ್ತಾರೆ. ನರಕ್ಕೆ ಲೆಕ್ಕ ಒಟ್ಟು ಸೇರಿದ ವಿದ್ಯುದಂಶದ್ದು. ಇದು ಆಡಿಯಾಲಜಿಸ್ಟರು ಐದು ನಿಮಿಷದಲ್ಲಿ ಅಳೆದು ಹೇಳಬಹುದಾದ ಸಂಗತಿ.

ಅವರು ಸೈನಿಕರೆಂದು ಬರೆದಿದ್ದೀರಿ, ಅದರಿಂದ ಒಂದು ಮಾತು. ಹಿತದ ಗೆರೆ ಅವರ ಮಾತಿನ ಮೇಲೆ ನಿಂತಿದೆ, ಮತ್ತು ನಮ್ಮ ನಿವೃತ್ತ ಸೈನಿಕರು ಕಷ್ಟವಾಗುತ್ತಿದೆ ಎಂದು ಬಾಯಿಬಿಟ್ಟು ಹೇಳುವ ಜನರಲ್ಲ. ‘ಪರವಾಗಿಲ್ಲ, ಇನ್ನೂ ಏರಿಸಿ’ ಎನ್ನುತ್ತಾರೆ, ಕಣ್ಣಿನ ರೆಪ್ಪೆ ಮಾತ್ರ ಪ್ರತಿ ಬೀಪಿಗೂ ಮುಚ್ಚಿ ತೆರೆಯುತ್ತಿರುತ್ತದೆ. ಅಂಥವರ ಮಾತಿಗಿಂತ ರೆಪ್ಪೆಯನ್ನೂ ಭುಜವನ್ನೂ ನಾನು ಹೆಚ್ಚು ನಂಬುತ್ತೇನೆ. ಗೆರೆ ಅತಿ ಮೇಲಿದ್ದರೆ ಮಳೆ ಅಸಹನೀಯವಾಗುವುದು ಸಹಜ. ಆದ್ದರಿಂದ ಸಿ ಲೆವೆಲ್‌ಗಳನ್ನು ಮತ್ತೊಮ್ಮೆ ನೋಡಿಸುವುದರಿಂದ ನಷ್ಟವಿಲ್ಲ. ಬಾಯಿಮಾತನ್ನು ನೆಚ್ಚದೆ ಅಳೆಯುವ ವಿಧಾನವೂ ಇದೆ. ಜೋರು ಸದ್ದಿಗೆ ನಡುಗಿವಿಯ ಸ್ಟೇಪಿಡಿಯಸ್ ಎಂಬ ಪುಟ್ಟ ಸ್ನಾಯು ತಾನಾಗಿ ಬಿಗಿಯುತ್ತದೆ, ಇಂಪ್ಲಾಂಟಿನ ಯಾವ ಕರೆಂಟಿಗೆ ಅದು ಬಿಗಿಯಿತು ಎಂದು ನೋಡಿದರೆ ಹಿತದ ಮೇಲಿನ ಗೆರೆ ಎಲ್ಲಿರಬೇಕೆಂದು ಚೆನ್ನಾಗಿ ಅಂದಾಜಾಗುತ್ತದೆ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ನೀವು ತೋರಿಸುವ ಬೇರೆ ಕೇಂದ್ರಕ್ಕೋ ಹೋಗುವಾಗ, ‘ಸರಿಯಾಗಿ ಕೇಳುವುದಿಲ್ಲ’ ಎಂದಷ್ಟೇ ಹೇಳದೆ ನನಗೆ ಬರೆದಂತೆಯೇ ಬರೆದುಕೊಂಡು ಹೋಗಿ: ಯಾವ ಸದ್ದು, ಎಷ್ಟು ದೂರ, ಯಾವ ಪ್ರೋಗ್ರಾಮ್. ನಿಮ್ಮ ಪತ್ರದಷ್ಟು ಸ್ಪಷ್ಟವಾದ ದೂರು ನಮಗೆ ಸಿಗುವುದು ಅಪರೂಪ.

ನಮ್ಮಷ್ಟೇ ಜೋರಾಗಿ ಕೇಳುತ್ತದೆಯೇ ಎಂದು ಕೇಳಿದ್ದೀರಿ. ಒಬ್ಬರ ತಲೆಯೊಳಗಿನ ಜೋರನ್ನು ಇನ್ನೊಬ್ಬರದರ ಪಕ್ಕದಲ್ಲಿಟ್ಟು ನೋಡಲಾಗದು. ಆದರೆ ಒಂದು ಕಿವಿ ಸಹಜವಾಗಿದ್ದು ಇನ್ನೊಂದರಲ್ಲಿ ಇಂಪ್ಲಾಂಟ್ ಇರುವವರು ಎರಡನ್ನೂ ಹೋಲಿಸಿ ಹೇಳಬಲ್ಲರು. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಕಿವಿಮೊರೆತದ ಪರಿಹಾರಕ್ಕೆಂದು ಇಂಥವರಿಗೆ ಇಂಪ್ಲಾಂಟ್ ಹಾಕಿದ ಅನುಭವ 2008ರಲ್ಲಿ ಪ್ರಕಟವಾಯಿತು; ಅಮೆರಿಕದಲ್ಲಿ ಒಂದು ಕಿವಿ ಮಾತ್ರ ಕಿವುಡಾದವರಿಗೆ ಇಂಪ್ಲಾಂಟ್ ಹಾಕಲು 2019ರಲ್ಲಿ ಅನುಮತಿ ದೊರೆಯಿತು. ಇವರಲ್ಲಿ ಎರಡು ಕಿವಿಗಳ ಜೋರನ್ನು ಮಾತಿನ ಮಟ್ಟದಲ್ಲಿ ಬಹುಮಟ್ಟಿಗೆ ಸರಿದೂಗಿಸಲು ಸಾಧ್ಯವಾಗುತ್ತದೆ. ಆದ್ದರಿಂದ ಎದುರು ಕೂತು ಮಾತನಾಡುವ ನಿಮ್ಮ ದನಿ ನಿಮ್ಮ ತಂದೆಯವರಿಗೆ ಮೆಲ್ಲಗೆ ಕೇಳುತ್ತಿದೆ ಎಂದು ಮರುಗಬೇಕಾಗಿಲ್ಲ. ವ್ಯತ್ಯಾಸವಿರುವುದು ಎರಡು ತುದಿಗಳಲ್ಲಿ: ನಮ್ಮ ಅತಿ ಮೆಲು ಅವರಿಗಿಲ್ಲ, ನಮ್ಮ ಅತಿ ಜೋರೂ ಅವರಿಗಿಲ್ಲ. ಇದರಿಂದಾಗಿಯೇ ಅವರಿಗಾಗಿ ಕೂಗುವುದು ವ್ಯರ್ಥ. ಕೂಗಿದಾಗ ‘ಆ’ ‘ಓ’ಗಳು ಉಬ್ಬುತ್ತವೆ, ‘ಸ’ ‘ತ’ ‘ಕ’ಗಳು ಅಷ್ಟಾಗಿ ಉಬ್ಬುವುದಿಲ್ಲ, ಉಬ್ಬಿದ ಸ್ವರ ಕಾವಲುಗಾರನ ಕೈಯನ್ನು ಕೆಳಗಿಳಿಸುತ್ತದೆ, ವ್ಯಂಜನ ಆ ಕೈಯ ಕೆಳಗೆ ಹೂತುಹೋಗುತ್ತದೆ. ಎರಡು ಹೆಜ್ಜೆ ಹತ್ತಿರ ಬಂದು ಸಾಮಾನ್ಯ ದನಿಯಲ್ಲಿ, ಬಲಗಡೆಯಿಂದ ಹೇಳಿ.

ಕೊನೆಯದು ಪುತ್ತರಿಯ ಪ್ರಶ್ನೆ. ಕೋವಿಯ ಸದ್ದಿನಿಂದ ಬಲಗಿವಿಯ ಯಂತ್ರಕ್ಕಾಗಲಿ, ಅದರ ಮೂಲಕ ನರಕ್ಕಾಗಲಿ ಅಪಾಯವಿಲ್ಲ. ಮೇಲಿನ ಗೆರೆ ಅದಕ್ಕೆಂದೇ ಇರುವುದು. ತೆಗೆದಿಡುವುದು ಬೇಡ. ನನಗೆ ಚಿಂತೆ ಎಡಗಿವಿಯದು. ಅಲ್ಲಿ ಅಲ್ಪಸ್ವಲ್ಪ ಉಳಿದಿರುವುದು ಸಹಜ ಶ್ರವಣ, ಅದಕ್ಕೆ ಕಾವಲುಗಾರನಿಲ್ಲ. ಒಂದು ಹತ್ತಿರದ ಗುಂಡು ಅದರಲ್ಲೂ ಒಂದಿಷ್ಟನ್ನು ಶಾಶ್ವತವಾಗಿ ಕಸಿಯಬಹುದು. ಕದಿರು ತೆಗೆಯುವ ಹೊತ್ತಿಗೆ ಎಡಗಿವಿಯ ಹಿಯರಿಂಗ್ ಏಡ್ ತೆಗೆದು ಒಳ್ಳೆಯ ಇಯರ್‌ಪ್ಲಗ್ ಹಾಕಿಸಿ, ಕೋವಿ ಹಿಡಿದವರಿಂದ ಅವರನ್ನು ಆದಷ್ಟು ದೂರ ನಿಲ್ಲಿಸಿ. ಅವರೇ ಹಾರಿಸಬೇಕೆಂದಿದ್ದರೆ ಈ ಎಚ್ಚರಿಕೆ ಇನ್ನೂ ಅಗತ್ಯ. ಗುಂಡು ಹಾರಿದ ಮೇಲೆ ಒಂದೆರಡು ಸೆಕೆಂಡು ತಡೆದು ಕೂಗಲು ಮನೆಯ ಮಕ್ಕಳಿಗೆ ಹೇಳಿಡಿ. ಅಷ್ಟರಲ್ಲಿ ಮೈಕ್ ಚೇತರಿಸಿಕೊಂಡಿರುತ್ತದೆ.